ನಗು ನಿಂತ ಮೇಲಿನ ಮಾತು

ಪ್ರೀತಿಯ ಗೆಳೆಯಾ,

'ನ್ಯಾನೆಟ್' ಶೋ ಬಗ್ಗೆ ನಿನ್ನ ಮೆಸೇಜ್ ಬಂದು ಎರಡು ದಿನ ಆಯಿತು. "ಅರ್ಧ ಗಂಟೆ ಚೆನ್ನಾಗಿತ್ತು, ಆಮೇಲೆ ಕಾಮಿಡಿ ಹೋಗಿ ಭಾಷಣ ಶುರುವಾಯ್ತು, ಆಫ್ ಮಾಡಿದೆ" ಅಂತ ಬರೆದಿದ್ದೆ. ಫೋನ್‌ನಲ್ಲೇ ಏನೋ ಟೈಪ್ ಮಾಡಿ ಅಳಿಸಿದೆ. ಗೋಣಿಕೊಪ್ಪದಲ್ಲಿ ಮಳೆ ಹಿಡಿದು ಕೂತಿದೆ, ಕರೆಂಟ್ ಬಂದಷ್ಟೇ ಬೇಗ ಹೋಗುತ್ತಿದೆ. ಅದಕ್ಕೇ ಕಾಗದದಲ್ಲಿ ಬರೆಯಲು ಕೂತೆ.

ಆಸ್ಟ್ರೇಲಿಯಾದ ಸ್ಟ್ಯಾಂಡ್‌ಅಪ್ ಕಾಮಿಡಿ ಕಲಾವಿದೆ ಹನ್ನಾ ಗ್ಯಾಡ್ಸ್‌ಬಿ ಅವರ 'ನ್ಯಾನೆಟ್' ನೆಟ್‌ಫ್ಲಿಕ್ಸ್‌ಗೆ ಬಂದದ್ದು 2018ರ ಜೂನ್‌ನಲ್ಲಿ. ಆ ವರ್ಷ ಕೊಡಗಿನವರಾದ ನಮಗೆ ಆಗಸ್ಟ್‌ನಲ್ಲಿ ಗುಡ್ಡ ಕುಸಿದದ್ದು ಬಿಟ್ಟರೆ ಬೇರೇನೂ ನೆನಪಿಲ್ಲ. ಹಾಗಾಗಿ ನಾನು ನೋಡಿದ್ದು ಈಗ, ಹೋದ ಭಾನುವಾರ. ಒಬ್ಬನೇ ಅಲ್ಲ. ಹಾಲ್‌ನಲ್ಲಿ ಸ್ಟೂಲ್ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಮ್ಮ, ನನ್ನ ಹೆಂಡತಿ, ಭಾವ, ಅವರ ಮಗಳು, ಎಲ್ಲರೂ ಕೂತೆವು. ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಹುಡುಗಿ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದಳು.

ನೀನು ನೋಡಿದ ಭಾಗದಲ್ಲೇ ಆ ಬಸ್ ಸ್ಟಾಪಿನ ಕತೆ ಇದೆಯಲ್ಲ? ತನ್ನ ಹುಡುಗಿಯ ಜೊತೆ ಯಾವನೋ ಗಂಡಸು ಸಲಿಗೆಯಿಂದ ಮಾತಾಡುತ್ತಿದ್ದಾನೆ ಅಂದುಕೊಂಡು ಒಬ್ಬ ಹೊಡೆಯಲು ಬರುತ್ತಾನೆ. ಹತ್ತಿರ ಬಂದರೆ ಅದು ಹೆಂಗಸು, ಗ್ಯಾಡ್ಸ್‌ಬಿಯೇ. ಹೆಂಗಸರ ಮೇಲೆ ಕೈ ಮಾಡುವವನಲ್ಲ ನಾನು ಅಂತ ಹೊರಟುಹೋಗುತ್ತಾನೆ. ಭಾವ ತೊಡೆ ತಟ್ಟಿ ನಕ್ಕರು. ನಾನೂ ನಕ್ಕೆ.

ಅದೇ ಕತೆ ಕೊನೆಯ ಹೊತ್ತಿಗೆ ಮತ್ತೆ ಬರುತ್ತದೆ, ನೀನು ಆಫ್ ಮಾಡಿದ ಮೇಲೆ. ಅಷ್ಟರಲ್ಲಿ ಅವರು ಒಂದು ಮಾತು ಹೇಳಿರುತ್ತಾರೆ: ಕತೆಗೆ ಮೂರು ಭಾಗ ಬೇಕು, ಜೋಕ್‌ಗೆ ಎರಡೇ ಸಾಕು. ನಗಿಸಬೇಕಾದರೆ ಮೂರನೆಯದನ್ನು ಕತ್ತರಿಸಲೇಬೇಕು. ಆ ಸಂಜೆಯ ಮೂರನೇ ಭಾಗ ಏನೆಂದರೆ, ಹೋದವನು ತಿರುಗಿ ಬಂದ. ಚಚ್ಚಿಹಾಕಿದ. ಯಾರೂ ತಡೆಯಲಿಲ್ಲ. ಅವರು ಪೊಲೀಸರ ಹತ್ತಿರವೂ ಹೋಗಲಿಲ್ಲ, ಆಸ್ಪತ್ರೆಗೂ ಹೋಗಲಿಲ್ಲ. ತನ್ನ ಬೆಲೆ ಇಷ್ಟೇ ಅಂದುಕೊಂಡಿದ್ದರು.

ಭಾವ ಎದ್ದರು. "ಇದು ಕಾಮಿಡಿಯಾ? ದುಡ್ಡು ಕೊಟ್ಟು ಬೈಸಿಕೊಳ್ಳೋದಾ?" ಅಂತ ಜಗಲಿಗೆ ಹೋದರು. ಅವರ ಲೋಟದಲ್ಲಿ ಕಾಫಿ ಹಾಗೇ ಕೆನೆ ಕಟ್ಟಿತ್ತು. ಹೆಂಡತಿ ಮಾತಾಡಲಿಲ್ಲ, ಅವಳ ಕಣ್ಣು ಒದ್ದೆಯಾಗಿತ್ತು. ಅಮ್ಮ ಮಾತ್ರ ಹುಡುಗಿಯನ್ನು ಕೇಳಿದರು: "ಆಮೇಲೆ ಯಾರಾದರೂ ಆ ಮಗುವನ್ನ ಮನೆಗೆ ತಲುಪಿಸಿದರಾ?"

"ಅದನ್ನ ಹೇಳಲಿಲ್ಲ ಅಜ್ಜಿ."

ನಮ್ಮ ಹಾಲ್‌ನಲ್ಲಿ ಆದದ್ದೇ ಎಲ್ಲ ಕಡೆಯೂ ಆಗಿದೆ. ಎಷ್ಟೋ ಜನ ಅತ್ತರು, ಎಷ್ಟೋ ಜನ ಇದು ಸ್ಟ್ಯಾಂಡ್‌ಅಪ್ಪೇ ಅಲ್ಲ, ಪಾಠ ಅಂದರು. 2019ರಲ್ಲಿ ಅದರ ಬರವಣಿಗೆಗೆ ಎಮ್ಮಿ ಪ್ರಶಸ್ತಿಯೂ ಬಂತು. ಅದು ಕಾಮಿಡಿ ಹೌದೋ ಅಲ್ಲವೋ ಅನ್ನುವ ವಾದ ನನಗೆ ಬೇಡ. ಭಾವ ಯಾವ ಗಳಿಗೆಯಲ್ಲಿ ಎದ್ದರು, ನೀನು ಯಾವ ಗಳಿಗೆಯಲ್ಲಿ ಆಫ್ ಮಾಡಿದೆ, ಅದೇ ನನ್ನ ತಲೆ ಕೊರೆಯುತ್ತಿರುವುದು. ಸಿಟ್ಟು ಮೊದಲಿನಿಂದಲೂ ಅಲ್ಲೇ ಇತ್ತು. ನಗಿಸುವವರೆಗೆ ನಮಗೆ ಅದು ಭಾರ ಅನಿಸಲಿಲ್ಲ.

ಇದು ನಮಗೆ ಹೊಸದೇನಲ್ಲ. ಮೇ ತಿಂಗಳ ಕುಂಡೆ ಹಬ್ಬ ನೆನಪು ಮಾಡಿಕೋ. ಬೇಟೆಗೆ ಕರೆದುಕೊಂಡು ಹೋದ ದೇವರು ಭದ್ರಕಾಳಿಯ ಹಿಂದೆ ಹೋಗಿ ತಮ್ಮನ್ನು ಕಾಡಲ್ಲೇ ಬಿಟ್ಟ ಅಂತ ನಮ್ಮ ಕಡೆಯ ಆದಿವಾಸಿಗಳಾದ ಜೇನುಕುರುಬರು, ಯರವರು ದೇವರಪುರದಲ್ಲಿ ದೇವರನ್ನೇ ಬೈಯುವ ಹಬ್ಬ. ಗಂಡಸರು ಸೀರೆ ಉಟ್ಟು, ಮುಖಕ್ಕೆ ಬಣ್ಣ ಬಳಿದು, ಡಬ್ಬ ಬಡಿಯುತ್ತಾ ನಮ್ಮ ಪೇಟೆಗೂ ಬರುತ್ತಾರೆ. ಎದುರಿಗೆ ಯಾರೇ ಸಿಕ್ಕರೂ ಬೈಗುಳವೇ. ತೋಟದ ಸಾಹುಕಾರರೂ ಜೀಪಿನ ಗಾಜು ಇಳಿಸಿ, ನಗುತ್ತಾ ಬೈಸಿಕೊಂಡು, ಕಾಸು ಕೊಟ್ಟು ಹೋಗುತ್ತಾರೆ. ಚಿಕ್ಕಂದಿನಲ್ಲಿ ನಾವಿಬ್ಬರೂ ಅಂಗಡಿ ಜಗಲಿ ಮೇಲೆ ನಿಂತು ನೋಡಿ ಬಿದ್ದು ಬಿದ್ದು ನಗುತ್ತಿದ್ದೆವು.

2016ರ ಡಿಸೆಂಬರ್‌ನಲ್ಲಿ ನಮ್ಮ ಕೊಡಗಿನ ದಿಡ್ಡಳ್ಳಿಯಲ್ಲಿ ಅರಣ್ಯ ಇಲಾಖೆಯವರು ಇವರ ಗುಡಿಸಲು ಕೆಡವಿದಾಗ ಅದೇ ಜನ ಬಣ್ಣ ಹಚ್ಚದೆ, ಡಬ್ಬ ಬಡಿಯದೆ ಮಾತಾಡಿದರು. ತೋಟದ ಕೂಲಿಯವರ ಲೈನ್ ಮನೆಯಲ್ಲಿ ಇನ್ನೆಷ್ಟು ತಲೆಮಾರು, ನಮ್ಮದು ಅನ್ನುವ ಜಾಗ ಎಲ್ಲಿ ಅಂತ ಕೇಳಿದರು. ಆಗ ಹಬ್ಬದಲ್ಲಿ ನಕ್ಕವರ ಬಾಯಲ್ಲೇ "ಇವರಿಗೆ ಯಾರೋ ಹೇಳಿಕೊಟ್ಟಿದ್ದಾರೆ" ಅನ್ನುವ ಮಾತನ್ನು ನಾನು ಕಿವಿಯಾರೆ ಕೇಳಿದ್ದೇನೆ. ಜೀಪಿನ ಗಾಜು ಮೇಲೇರಿತ್ತು.

ಗೆಳೆಯಾ, ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ನಮ್ಮ ಜೊತೆ ಓದಿದವನೊಬ್ಬ ಇದ್ದನಲ್ಲ, ಎಂಟನೇ ಕ್ಲಾಸಿನಲ್ಲಿ, ಕಿಟಕಿ ಪಕ್ಕದ ಬೆಂಚು. ಹೆಸರು ಬರೆಯುವುದಿಲ್ಲ, ನಿನಗೆ ಗೊತ್ತು. ಅವನ ನಡಿಗೆಯನ್ನು ನಾವು ಅಣಕಿಸುವ ಮೊದಲೇ ತಾನೇ ಅಣಕಿಸಿಕೊಳ್ಳುವುದನ್ನು ಅವನು ಕಲಿತುಬಿಟ್ಟಿದ್ದ. ಊಟದ ಬೆಲ್ ಆದರೆ ಬೆಂಚ್ ಹತ್ತಿ, ಟವೆಲ್ಲನ್ನು ಸೆರಗು ಮಾಡಿಕೊಂಡು ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದ. ನಾವು ಡೆಸ್ಕ್ ಬಡಿಯುತ್ತಿದ್ದೆವು. ನಡೆಯುವಾಗ ಅವನ ಕಣ್ಣು ಮಾತ್ರ ಕೊನೇ ಬೆಂಚಿನ ದೊಡ್ಡ ಹುಡುಗನ ಮುಖದ ಮೇಲೇ ಇರುತ್ತಿತ್ತು. ಆ ಮುಖ ನಕ್ಕರೆ ಅವತ್ತು ಮನೆಗೆ ಹೋಗುವ ದಾರಿಯಲ್ಲಿ ಏಟಿಲ್ಲ. ಅಂಚಿನಲ್ಲಿ ಬದುಕುವವರು ತಮ್ಮನ್ನೇ ತಾವು ಹೀಗಳೆದುಕೊಂಡು ನಗಿಸಿದರೆ ಅದು ವಿನಯ ಅಲ್ಲ, ಅವಮಾನ ಅಂತ ಗ್ಯಾಡ್ಸ್‌ಬಿ ಹೇಳಿದಾಗ ನನಗೆ ಆ ಕಣ್ಣು ಕಂಡಿತು.

ಒಂದು ದಿನ ಅವನು ಬೆಂಚ್ ಹತ್ತಲಿಲ್ಲ. ಟವೆಲ್ ನೆಲಕ್ಕೆ ಬಿಸಾಡಿ, ಒಬ್ಬೊಬ್ಬರ ಹೆಸರು ಹಿಡಿದು, ಯಾರು ಯಾವತ್ತು ಏನು ಮಾಡಿದಿರಿ ಅಂತ ಕೂಗಿ ಕೂಗಿ ಹೇಳಿದ. ಗಂಟಲು ಒಡೆದಿತ್ತು. ನನ್ನ ಹೆಸರು ಬಂತು. ನಿನ್ನದೂ ಬಂತು. ನೀನು ನನ್ನ ತೋಳು ಹಿಡಿದು "ಬಾರೋ, ಇವನಿಗೆ ತಲೆ ಕೆಟ್ಟಿದೆ" ಅಂದೆ. ನಾವು ಬುತ್ತಿ ಎತ್ತಿಕೊಂಡು ಹೊರಗೆ ಹೋದೆವು. ದಸರಾ ರಜೆ ಮುಗಿದ ಮೇಲೆ ಅವನು ಶಾಲೆಗೆ ಬರಲಿಲ್ಲ.

ಅವನು ಯಾರನ್ನು ಇಷ್ಟಪಡುತ್ತಿದ್ದ ಅನ್ನುವುದು ನಮಗೆ ಗೊತ್ತೂ ಇರಲಿಲ್ಲ. ಆ ನಡಿಗೆಯೇ ಸಾಕಾಗಿತ್ತು ನಮಗೆ. ಸಲಿಂಗಪ್ರೇಮಿಯಾದ ಗ್ಯಾಡ್ಸ್‌ಬಿ ಬೆಳೆದ, ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 1997ರವರೆಗೆ ಸಲಿಂಗಪ್ರೇಮ ಅಪರಾಧವಾಗಿತ್ತು. ನಮ್ಮಲ್ಲಿ ಸುಪ್ರೀಂ ಕೋರ್ಟ್ ಆ ಭಾರ ಇಳಿಸಿದ್ದು 2018ರ ಸೆಪ್ಟೆಂಬರ್ 6ರಂದು. ಅಷ್ಟು ಹೊತ್ತಿಗೆ ನಾವು ಮಕ್ಕಳನ್ನು ಶಾಲೆಗೆ ಬಿಟ್ಟು ಬರುವ ಅಪ್ಪಂದಿರಾಗಿದ್ದೆವು.

ನಿನ್ನ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ಹೊರಗೆ ಹೋದವರು ಇಬ್ಬರು. ನನ್ನ ಕಾಲು ನನ್ನದೇ ಆಗಿತ್ತು, ನಿಲ್ಲಬಹುದಿತ್ತು.

ನಿಲ್ಲಿಸಿದ ಜಾಗದಿಂದ ಮುಂದಕ್ಕೆ ನೋಡು, ಕೊನೆಯವರೆಗೆ. ಒಬ್ಬನೇ ನೋಡು. ಮತ್ತೆ ಇನ್ನೊಂದು: ಅವನ ಅಣ್ಣ ನಿಮ್ಮ ಮೈಸೂರಿನಲ್ಲೇ ಕೆಲಸದಲ್ಲಿದ್ದಾನೆ ಅಂತ ಹಿಂದೆ ಯಾವಾಗಲೋ ಹೇಳಿದ್ದೆಯಲ್ಲ, ವಿಚಾರಿಸಿ ಅವನ ನಂಬರ್ ಸಿಗುತ್ತಾ ನೋಡು. ಸಿಕ್ಕರೆ ನನಗೂ ಕಳಿಸು.

ನಿನ್ನವನೇ