ಮ್ಯಾನೇಜರ್ ಪಕ್ಕದ ಸೀಟಿನಲ್ಲಿ ಪ್ರೇಮಕಥೆ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಶುಕ್ರವಾರದ ಸಿನಿಮಾ ಪುಟದ ಬಗ್ಗೆ ಒಂದು ಬೇಡಿಕೆ ಇದೆ. ಅದಕ್ಕೆ ಮೊದಲು ನನ್ನ ಪಾಡು ಸ್ವಲ್ಪ ಕೇಳಿ.

ನಮ್ಮ ಆಫೀಸಿನಲ್ಲಿ ಆಗಾಗ ಟೀಮ್ ಔಟಿಂಗ್ ಅಂತ ಸಿನಿಮಾಕ್ಕೆ ಹೋಗುತ್ತೇವೆ. ನಾವು ಹದಿನಾಲ್ಕು ಜನ. ಹೊಡೆದಾಟ ನೋಡಿ ಸಾಕಾಗಿದೆ, ಒಂದು ಲವ್ ಸ್ಟೋರಿ ನೋಡೋಣ ಎಂದು ಹೋದ ಸಲ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ತೀರ್ಮಾನವಾಯಿತು. ಆರಿಸುವ ಕೆಲಸ ನನ್ನ ತಲೆಗೆ ಬಿತ್ತು. ಯಾಕಂದ್ರೆ ಆಫೀಸಿಗೆ ಪೇಪರ್ ತರುವವಳು ನಾನೊಬ್ಬಳೇ. 'ನವಿರಾದ ಪ್ರೇಮಕಥೆ' ಎಂದು ವಿಮರ್ಶೆಯಲ್ಲಿ ಬರೆದಿತ್ತು, ನಂಬಿ ಟಿಕೆಟ್ ಬುಕ್ ಮಾಡಿಬಿಟ್ಟೆ.

ಮೊದಲ ಅರ್ಧ ಗಂಟೆ ನಾಯಕ ಹುಡುಗಿಯ ಹಿಂದೆ ಬೈಕಿನಲ್ಲಿ ಸುತ್ತಿದ. ಆಕೆ ಬೇಡ ಅಂದಾಗಲೆಲ್ಲ ಒಂದು ಹಾಡು. ಬಸ್ ಸ್ಟಾಪಿನಲ್ಲಿ ಅವಳ ದುಪಟ್ಟಾ ಎಳೆದಾಗ ಹಿಂದಿನ ಸಾಲಿನಿಂದ ಶಿಳ್ಳೆ. ನಮ್ಮ ಸಾಲಿನಲ್ಲಿ ಯಾರೂ ಶಿಳ್ಳೆ ಹಾಕಲಿಲ್ಲ, ಆದರೆ ಇಬ್ಬರು ನಕ್ಕರು, ಆಮೇಲೆ ಪಕ್ಕಕ್ಕೆ ತಿರುಗಿ ಯಾರು ಯಾರು ಕೂತಿದ್ದಾರೆ ಅಂತ ನೋಡಿ ನಗು ಅರ್ಧಕ್ಕೇ ನುಂಗಿಕೊಂಡರು. ನನ್ನ ಎಡಕ್ಕೆ ಕೆಲಸಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ. ಪಾಪ್‌ಕಾರ್ನ್ ಡಬ್ಬದಲ್ಲಿ ಉಂಗುರ ಬೀಳಿಸಿಕೊಂಡವಳ ಹಾಗೆ ಅದರೊಳಗೇ ನೋಡುತ್ತಾ ಕೂತಿದ್ದಳು. ಬಲಕ್ಕೆ ಮ್ಯಾನೇಜರ್. ಅವರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ಒರೆಸಿದರು. ಮನೆಯಲ್ಲಾಗಿದ್ದರೆ ನೀರು ಕುಡಿಯುವ ನೆಪದಲ್ಲಿ ಎದ್ದು ಹೋಗಬಹುದಿತ್ತು.

ಮಜಾ ಏನು ಗೊತ್ತಾ, ಮುಂದಿನ ಸೋಮವಾರವೇ ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯ ಬಗ್ಗೆ ನಮಗೆ ತರಬೇತಿ ಇತ್ತು. ಕೆಲಸದ ನಿಮಿತ್ತ ಹೋದ ಜಾಗವೂ ಆ ಕಾಯ್ದೆಗೆ ಕೆಲಸದ ಜಾಗವೇ ಅಂತೆ. ಬೇಡ ಅಂದ ಮೇಲೂ ಹಿಂದೆ ಬೀಳುವುದು ಕಿರುಕುಳ ಎಂದು ಸ್ಲೈಡ್ ಬಂದಾಗ ಹಿಂದಿನಿಂದ ಯಾರೋ "ಇದು ಇಂಟರ್ವಲ್‌ಗೆ ಮುಂಚಿನ ಕಥೆ ಅಲ್ವಾ" ಅಂದರು. ಎಲ್ಲರೂ ನಕ್ಕೆವು. ಪಾಠ ಮಾಡಲು ಬಂದಿದ್ದ ಮೇಡಂಗೆ ಮಾತ್ರ ಯಾಕೆ ಅಂತ ಗೊತ್ತಾಗಲಿಲ್ಲ.

ಸೆನ್ಸಾರ್ ಸರ್ಟಿಫಿಕೇಟ್ ನೋಡಬಾರದಿತ್ತಾ ಅಂತೀರಿ. ನೋಡಿದ್ದೆ. ಈಗ ಯುಎ ಒಳಗೇ 7+, 13+, 16+ ಎಂದು ಬೇರೆ ಬೇರೆ ಇದೆ, ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ಒಳ್ಳೆಯದೇ. ಆಫೀಸಿನವರ ಜೊತೆ ಹೋಗುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಮುತ್ತಿನ ಸೀನ್ ಬಂದರೆ ಮುಜುಗರ ಅಂದುಕೊಂಡಿದ್ದೆ ನಾನು. ಅದು ಬಂದರೂ ಅರ್ಧ ನಿಮಿಷ. ಈ ಹಿಂಬಾಲಿಸುವುದು ಮುಗಿಯುವುದೇ ಇಲ್ಲ.

ಈಗ ಮತ್ತೆ ಸರದಿ ಬಂದಿದೆ. ಈ ಸಲ ಥಿಯೇಟರ್ ಬೇಡ, ನಮ್ಮ ಮನೆಯಲ್ಲೇ ನೋಡೋಣ ಎಂದು ಮ್ಯಾನೇಜರ್ ಕರೆದಿದ್ದಾರೆ. ಅಕೌಂಟ್ಸ್ ಸರ್ ಪಟ್ಟು ಬಿಡದೆ 1974ರ 'ಎರಡು ಕನಸು' ಅನ್ನುತ್ತಿದ್ದಾರೆ. ಹುಡುಗರು 2020ರಲ್ಲಿ ಒಂದೇ ವಾರದ ಅಂತರದಲ್ಲಿ ಬಂದ 'ಲವ್ ಮಾಕ್ಟೇಲ್' ಮತ್ತು 'ದಿಯಾ' ಹೆಸರು ಹೇಳಿದರು. ಎರಡೂ ನನಗೆ ಇಷ್ಟವೇ. ಆದರೆ ಎರಡರಲ್ಲೂ ಕೊನೆಗೆ ಅಳಬೇಕು, ಆಫೀಸಿನವರ ಎದುರು ಮೂಗು ಸೀಟಿಕೊಂಡು ಕೂರಲು ನನ್ನಿಂದಾಗದು. 'ಸಪ್ತ ಸಾಗರದಾಚೆ ಎಲ್ಲೋ' ಎರಡೂ ಭಾಗ ನೋಡಿದರೆ ತಿಂಡಿಯ ಜೊತೆ ಊಟವನ್ನೂ ಮ್ಯಾನೇಜರ್ ಮನೆಯವರೇ ಹಾಕಬೇಕಾಗುತ್ತದೆ.

ನಾನು 'ಒಂದು ಮೊಟ್ಟೆಯ ಕಥೆ' ಅಂದೆ. ಬೋಳುತಲೆಯ ಕನ್ನಡ ಮೇಷ್ಟ್ರು ಹೆಣ್ಣು ಹುಡುಕುವ ಕಥೆ. ಹೇಳಿದ ಮೇಲೆ ನೆನಪಾಯಿತು, ಎದುರಿಗೆ ಕೂತಿದ್ದ ಮ್ಯಾನೇಜರ್ ತಲೆಯಲ್ಲೂ ಕೂದಲಿಲ್ಲ. ಒಂದು ಕ್ಷಣ ಎಲ್ಲರೂ ಟೇಬಲ್ ನೋಡಿದರು. ಅವರೇ ತಲೆ ಸವರಿಕೊಂಡು "ನನ್ನ ವೋಟು ಇದಕ್ಕೇ" ಅಂದರು. ಉಳಿದದ್ದು ಸಬ್‌ಟೈಟಲ್ ಪ್ರಶ್ನೆ. ನಮ್ಮಲ್ಲಿ ನಾಲ್ವರಿಗೆ ಕನ್ನಡ ಬರುವುದಿಲ್ಲ, ಮಂಗಳೂರು ಕನ್ನಡಕ್ಕೆ ನಾವೇ ಸ್ವಲ್ಪ ಕಿವಿಗೊಡಬೇಕು. ಮನೆಯಲ್ಲಾದರೆ ಮೊದಲೇ ಹಾಕಿ ನೋಡಬಹುದು. ಥಿಯೇಟರಿನಲ್ಲಿ ಒಳಗೆ ಹೋಗಿ ಕೂತ ಮೇಲೇ ಗೊತ್ತಾಗುವುದು. ಯಾಕೆ ಬೇಕು ಆ ರಿಸ್ಕ್ ಎಂದು ಬೆಂಗಳೂರಿನಲ್ಲೇ ಇದ್ದುಕೊಂಡು ಎಷ್ಟು ಸಲ ಹಿಂದಿ ಸಿನಿಮಾಕ್ಕೆ ಹೋಗಿದ್ದೇವೋ.

ಅದಕ್ಕೇ ಈ ಪತ್ರ. ವಿಮರ್ಶೆಯ ಕೆಳಗೆ ಸ್ಟಾರ್ ಹಾಕುತ್ತೀರಲ್ಲ, ಅಲ್ಲೇ ಇನ್ನೆರಡು ಸಾಲು ಸೇರಿಸಿ. ಥಿಯೇಟರಿನಲ್ಲಿ ಸಬ್‌ಟೈಟಲ್ ಇದೆಯಾ ಇಲ್ವಾ. ಹುಡುಗಿ ಬೇಡ ಅಂದರೆ ಹುಡುಗ ಕೇಳುತ್ತಾನಾ ಇಲ್ವಾ. ಕೊನೆಗೆ ಏನಾಗುತ್ತದೆ ಅಂತ ಮಾತ್ರ ಬರೆಯಬೇಡಿ, ಅದನ್ನು ಹೇಳಲು ಗ್ರೂಪಿನಲ್ಲಿ ಒಬ್ಬರು ಆಗಲೇ ಇದ್ದಾರೆ.

ಇತಿ,
ನಿಮ್ಮ ಓದುಗಳು, ರಾಜಾಜಿನಗರ, ಬೆಂಗಳೂರು