ಟ್ರೆಡ್‌ಮಿಲ್ ಪಕ್ಕ ನಿಲ್ಲುವವಳಿಗೆ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಹಾಸ್ಟೆಲ್, ಪರೀಕ್ಷೆ, ಮಾರ್ಕ್ಸ್ ವಿಷಯ ಎಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಅದಕ್ಕೆಲ್ಲ ನಾನು ಉತ್ತರ ಬರೆಯುವುದಿಲ್ಲ. ನಿನ್ನ ಪತ್ರದ ಕೊನೆಯಲ್ಲಿ, ಜಾಗ ಉಳಿದಿದೆ ಅಂತ ಬರೆದ ಹಾಗೆ ಒಂದು ಮಾತು ಇದೆಯಲ್ಲ, ಅದು ಮಾತ್ರ ಮನಸ್ಸು ಬಿಟ್ಟು ಹೋಗುತ್ತಿಲ್ಲ. 'ನಾನು ಟೆಸ್ಟ್ ಮಾಡಿಸುತ್ತಿರುವಾಗಲೇ ಯಾರಾದರೂ ಕುಸಿದು ಬಿದ್ದರೆ ಏನು ಗತಿ? ಅದಕ್ಕೇ ಆಸ್ಪತ್ರೆ ಕಡೆ ಬೇಡ, ಸ್ಪೋರ್ಟ್ಸ್ ಕಡೆ ಹೋಗೋಣ ಅಂತಿದ್ದೇನೆ.'

ಓದಿದವಳೇ ಪತ್ರ ಮಡಚಿಟ್ಟೆ. ಮತ್ತೆ ತೆಗೆದು ಓದಿದೆ. ಯಾಕೆಂದರೆ ಆ ಭಯ ನನಗೆ ಚೆನ್ನಾಗಿ ಗೊತ್ತು.

ನಾನು ನಿನ್ನ ಹಾಗೆ ಎಕ್ಸರ್‌ಸೈಜ್ ಫಿಸಿಯಾಲಜಿ, ಅಂದರೆ ವ್ಯಾಯಾಮ ಮಾಡುವಾಗ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ಶಾಸ್ತ್ರ, ಓದಿದವಳಲ್ಲ. ಓಡುವ ಬೆಲ್ಟ್ ಮೇಲೆ ನಡೆಸಿ ಹೃದಯ ಪರೀಕ್ಷಿಸುವ ಟ್ರೆಡ್‌ಮಿಲ್ ಟೆಸ್ಟ್ ರೂಮಿನಲ್ಲಿ ಎದೆಗೆ ಎಲೆಕ್ಟ್ರೋಡ್ ಅಂಟಿಸಿ, ತೋಳಿಗೆ ಬಿಪಿ ಪಟ್ಟಿ ಸುತ್ತಿ, ಪಕ್ಕದಲ್ಲಿ ನಿಲ್ಲುವುದೇ ನನ್ನ ಕೆಲಸವಾಗಿತ್ತು. ಒಬ್ಬರು ನೆನಪಾಗುತ್ತಾರೆ. ಬ್ರೂಸ್ ಪ್ರೋಟೋಕಾಲ್ ನಡೆಯುತ್ತಿತ್ತು. ನಿನಗೆ ಗೊತ್ತೇ ಇದೆ, ಮೂರು ಮೂರು ನಿಮಿಷಕ್ಕೆ ವೇಗವೂ ಜಾಸ್ತಿ, ಏರೂ ಜಾಸ್ತಿ. ಮೊದಲ ಹಂತದಲ್ಲಿ ಮಗನ ಕೆಲಸದ ಬಗ್ಗೆ ಮಾತಾಡುತ್ತಾ ನಡೆದರು. ಎರಡನೇ ಹಂತ ಮುಗಿಯುವ ಹೊತ್ತಿಗೆ ಮಾತು ನಿಂತಿತು. ಕಂಬಿ ಹಿಡಿದ ಕೈಯ ಗೆಣ್ಣು ಬೆಳ್ಳಗಾಯಿತು. ತುಟಿಯ ಸುತ್ತ ಬಣ್ಣ ಇಳಿಯಿತು. ನಾನು ಮಾನಿಟರ್ ನೋಡುತ್ತಿದ್ದೆ. ಅಲ್ಲಿ ಇಸಿಜಿಯ ಎಸ್‌ಟಿ ಗೆರೆ ಆಗಷ್ಟೇ ಕೆಳಗೆ ಜಗ್ಗಲು ಶುರುವಾಗಿತ್ತು, ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಅನ್ನುವ ಸೂಚನೆ ಅದು. ನಮ್ಮ ಡಾಕ್ಟರು ಮಾನಿಟರ್ ಕಡೆ ತಿರುಗಲೇ ಇಲ್ಲ, ಅವರ ಮುಖವನ್ನೇ ನೋಡುತ್ತಿದ್ದರು. 'ಬಿಪಿ ನೋಡಮ್ಮ' ಅಂದರು. ನೋಡಿದೆ. ನಡಿಗೆ ಹೆಚ್ಚಿದ ಹಾಗೆ ಏರಬೇಕಾಗಿದ್ದ ಮೇಲಿನ ಬಿಪಿ ಇಳಿದಿತ್ತು. ಬೆಲ್ಟ್ ನಿಂತಿತು, ಇಬ್ಬರೂ ಎರಡು ಕಡೆ ಹಿಡಿದು ಮಲಗಿಸಿದೆವು. ಸ್ವಲ್ಪ ಹೊತ್ತಿಗೆ ಮುಖಕ್ಕೆ ಬಣ್ಣ ಬಂತು.

ಅವರಿಗೆ ರಕ್ತನಾಳ ಕಟ್ಟಿಕೊಂಡಿದ್ದು ಆಮೇಲೆ ಆಂಜಿಯೋಗ್ರಾಂನಲ್ಲಿ ಗೊತ್ತಾಯಿತು, ಚಿಕಿತ್ಸೆಯೂ ಆಯಿತು. ಆದರೆ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೀನು ಬರೆದ ಪ್ರಶ್ನೆಯನ್ನೇ ನಾನೂ ಕೇಳಿಕೊಂಡೆ. ಬಿದ್ದೇ ಹೋಗಿದ್ದರೆ?

ಪುಟ್ಟಿ, ಆ ಟೆಸ್ಟ್ ಇರುವುದೇ ಅದಕ್ಕೆ ಅಲ್ವಾ? ಎಲ್ಲೋ ಒಂಟಿಯಾಗಿ ಮೆಟ್ಟಿಲು ಹತ್ತುವಾಗ ಕಾಣಿಸಿಕೊಳ್ಳಬೇಕಾಗಿದ್ದ ತೊಂದರೆ, ಪಕ್ಕದಲ್ಲಿ ಜನ ಇರುವಾಗ, ಕೈಗೆಟುಕುವಲ್ಲಿ ಔಷಧಿ ಇರುವಾಗ ಕಾಣಿಸಿಕೊಳ್ಳಲಿ ಅಂತಲೇ ಅವರನ್ನು ನಡೆಸುವುದು. ಇದು ನನಗೆ ಅರ್ಥವಾಗಲು ಬಹಳ ಕಾಲ ಹಿಡಿಯಿತು.

ಅಂಕಿ ಅಂಶ ಬೇಕಾದರೆ ಅದೂ ಇದೆ. 1971ರಲ್ಲಿ ಒಂದು ಸಮೀಕ್ಷೆ ಪ್ರಕಟವಾಯಿತು. 73 ಕೇಂದ್ರಗಳಲ್ಲಿ ನಡೆದ ಸುಮಾರು 1,70,000 ಟೆಸ್ಟ್‌ಗಳ ಲೆಕ್ಕ ತೆಗೆದಿದ್ದರು. 10,000 ಟೆಸ್ಟ್‌ಗೆ ಹೆಚ್ಚುಕಡಿಮೆ ಒಂದು ಸಾವು. ಬಂದವರಲ್ಲಿ ಹೃದ್ರೋಗ ಇದ್ದವರು, ಇದೆ ಅಂತ ಅನುಮಾನ ಇದ್ದವರು ಎಷ್ಟೋ ಜನ. ಅಂಥವರನ್ನು ಇಟ್ಟುಕೊಂಡೂ ಇಷ್ಟೇ. ಆದರೆ ಈ ಲೆಕ್ಕ ಹೇಳಿ ನಿನ್ನನ್ನು ಸಮಾಧಾನ ಮಾಡಿದೆ ಅಂದುಕೊಂಡಿಲ್ಲ. ಎದುರಿಗೆ ನಿಂತವರು ಹತ್ತು ಸಾವಿರದಲ್ಲಿ ಒಬ್ಬರು ಅಂತ ಯಾರಿಗೂ ಕಾಣುವುದಿಲ್ಲ. ಒಬ್ಬ ಮನುಷ್ಯ ಅಂತಲೇ ಕಾಣುತ್ತಾರೆ, ಕಾಣಬೇಕು ಕೂಡ.

ಇನ್ನು ಸ್ಪೋರ್ಟ್ಸ್ ಕಡೆ ಹೋದರೆ ಈ ಭಯ ಇರುವುದಿಲ್ಲ ಅಂದುಕೊಂಡಿದ್ದೀಯಲ್ಲ, ಅಲ್ಲಿ ನನಗೆ ಒಪ್ಪಿಗೆ ಇಲ್ಲ. 2021ರ ಜೂನ್ 12ರಂದು ಯೂರೋ ಕಪ್ ಪಂದ್ಯದಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ಕುಸಿದು ಬಿದ್ದ. 29 ವರ್ಷ, ಕಟ್ಟುಮಸ್ತಾದ ಆಟಗಾರ. ಹೃದಯ ನಿಂತಿತ್ತು. ತಕ್ಷಣ ಎದೆ ಒತ್ತಿ ಸಿಪಿಆರ್ ಮಾಡಿ, ಡಿಫಿಬ್ರಿಲೇಟರ್‌ನಿಂದ ಶಾಕ್ ಕೊಟ್ಟು ಉಳಿಸಿದರು. ಮುಂದಿನ ವರ್ಷ ಅವನು ಎದೆಯೊಳಗೆ ಒಂದು ಪುಟ್ಟ ಡಿಫಿಬ್ರಿಲೇಟರ್ ಇಟ್ಟುಕೊಂಡು ಮತ್ತೆ ಆಟಕ್ಕೆ ಇಳಿದ. ಟಿವಿಯಲ್ಲಿ ಅದನ್ನು ನೋಡುವಾಗ ನನಗೆ ಕಣ್ಣು ತುಂಬಿ ಬಂತು. ಅಲ್ಲಿ ಓಡಿ ಬಂದವರು ಅಂಥದ್ದು ಒಂದು ದಿನ ಆಗಬಹುದು ಅಂತ ಮೊದಲೇ ತಯಾರಾಗಿದ್ದವರು. ಹಾಗಾಗಿ ಆಟ ಇಷ್ಟ ಅಂತ ಸ್ಪೋರ್ಟ್ಸ್ ಆರಿಸಿಕೋ, ನನ್ನ ಅಡ್ಡಿ ಇಲ್ಲ. ಭಯ ತಪ್ಪಿಸಿಕೊಳ್ಳಲು ಆರಿಸಿಕೊಂಡರೆ ಅದು ಅಲ್ಲಿಗೂ ಹಿಂದೆಯೇ ಬರುತ್ತದೆ.

ತಾತನ ವಿಷಯ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೊದಲಿಂದ ಹೇಳುವುದಿಲ್ಲ. ಒಂದು ಮಾತ್ರ ಹೇಳಬೇಕು. ಹಾರ್ಟ್ ಅಟ್ಯಾಕ್ ಆದಮೇಲೆ ಅವರನ್ನು ಮಂಚದಿಂದ ಇಳಿಸಬೇಡಿ ಅಂದಿದ್ದರು, ನಾವೂ ಇಳಿಸಲಿಲ್ಲ. ಪ್ರೀತಿಯಿಂದಲೇ. ಒಂದು ದಿನ ಅವರ ಕಾಲು ಒರೆಸುವಾಗ ನೋಡಿದೆ. ಮೀನಖಂಡ ಕರಗಿ ಹೋಗಿತ್ತು, ಚರ್ಮ ಮೂಳೆಯ ಮೇಲೆ ಸಡಿಲವಾಗಿ ಜೋತುಬಿದ್ದಿತ್ತು. ಕೊನೆಗೆ ಎದ್ದು ನಿಲ್ಲಿಸಿದಾಗ ಬಚ್ಚಲಿನ ತನಕ ಹೋಗಲು ಗೋಡೆ ಹಿಡಿಯಬೇಕಾಯಿತು. ಹೃದಯ ಎಷ್ಟು ಕೆಟ್ಟಿತ್ತೋ ಅದಕ್ಕಿಂತ ಜಾಸ್ತಿ ಮಂಚ ಅವರನ್ನು ಕೆಡಿಸಿತು ಅಂತ ಈಗಲೂ ನನಗೆ ಅನ್ನಿಸುತ್ತದೆ. ಆಗ ಅವರಿಗೆ ಹೀಗೆ ಆಗುತ್ತಿದೆ ಅಂತ ತಿಳಿದವರು, ಕೈ ಹಿಡಿದು ನಾಲ್ಕು ಹೆಜ್ಜೆ ನಡೆಸುವವರು ಯಾರೂ ಹತ್ತಿರ ಇರಲಿಲ್ಲ.

1952ರಷ್ಟು ಹಿಂದೆಯೇ ಲೆವಿನ್ ಮತ್ತು ಲೌನ್ ಅನ್ನುವ ಇಬ್ಬರು ಡಾಕ್ಟರು ಇಂಥ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂರಿಸಬೇಕು ಅಂತ ಬರೆದಿದ್ದರು. ಸುಮ್ನೆ ಕೂರಿಸುವುದಕ್ಕೂ ಆಗ ಜನ ಹೆದರುತ್ತಿದ್ದರು. ಆಮೇಲೆ 1966ರಲ್ಲಿ ಡಲ್ಲಾಸ್‌ನಲ್ಲಿ 20 ವರ್ಷದ ಐದು ಆರೋಗ್ಯವಂತ ಹುಡುಗರನ್ನು ಮೂರು ವಾರ ಹಾಸಿಗೆ ಬಿಟ್ಟು ಏಳದ ಹಾಗೆ ಮಲಗಿಸಿದರು. ಅವರ ವಿಓ2 ಮ್ಯಾಕ್ಸ್, ಅಂದರೆ ಮೈ ಹೆಚ್ಚೆಂದರೆ ಎಷ್ಟು ಆಮ್ಲಜನಕ ಬಳಸಬಲ್ಲದು ಅನ್ನುವ ಅಳತೆ, ಕಾಲು ಭಾಗಕ್ಕಿಂತ ಜಾಸ್ತಿ ಇಳಿಯಿತು. 30 ವರ್ಷ ಬಿಟ್ಟು ಅದೇ ಐವರನ್ನು ಕರೆಸಿ ಮತ್ತೆ ಅಳೆದರು. ಮೂರು ವಾರ ಮಲಗಿದ್ದಕ್ಕೆ ಆಗಿದ್ದಷ್ಟು ಇಳಿತ 30 ವರ್ಷ ವಯಸ್ಸಾದದ್ದಕ್ಕೂ ಆಗಿರಲಿಲ್ಲ. ನಿನ್ನ ಪಾಠದಲ್ಲಿ ಇದು ಒಂದು ಗ್ರಾಫ್ ಆಗಿ ಬರುತ್ತದೆ. ನನಗೆ ಅದು ತಾತನ ಕಾಲು.

ನಡೆಸಿದರೆ ಏನಾಗುತ್ತದೋ ಅನ್ನುವ ನಿನ್ನ ಭಯ ನಿಜವಾದದ್ದೇ. ನಡೆಸದೇ ಇದ್ದರೆ ಏನಾಗುತ್ತದೆ ಅನ್ನುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅದು ದಡಕ್ಕನೆ ಬೀಳುವುದಿಲ್ಲ, ಅದಕ್ಕೇ ಯಾರೂ ಅದಕ್ಕೆ ಹೆದರುವುದಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಕಾರ್ಡಿಯಾಕ್ ರಿಹ್ಯಾಬ್, ಅಂದರೆ ಹೃದ್ರೋಗ ಆದವರಿಗೆ ವ್ಯಾಯಾಮ ಮಾಡಿಸಿ ಚೇತರಿಸುವ ವಿಭಾಗ, ಶುರುವಾದಾಗ ನನ್ನನ್ನೂ ಕರೆದರು. ತರಬೇತಿ ಕೊಡುತ್ತೇವೆ ಅಂದರು. ಆ ಬೆಳ್ಳಗಾದ ಗೆಣ್ಣು ಕಣ್ಣ ಮುಂದೆ ಬಂತು, ಬೇಡ ಅಂದೆ. ಟೆಸ್ಟ್ ರೂಮಿನಲ್ಲೇ ಉಳಿದೆ. ನಿವೃತ್ತಿಯಾಗಿ ಇಷ್ಟು ವರ್ಷವಾದರೂ ಅದೊಂದು ಕೊರಗು ಹೋಗಿಲ್ಲ. ಟೆಸ್ಟ್ ರೂಮಿನಲ್ಲಿ ಜನ ಒಂದು ಸಲ ಬಂದು ಹೋಗುತ್ತಾರೆ. ಕಾರಿಡಾರಿನ ಆ ಕಡೆ, ರಿಹ್ಯಾಬ್‌ನಲ್ಲಿ, ಮೊದಲ ದಿನ ಐದು ನಿಮಿಷಕ್ಕೆ ಕೂತುಬಿಟ್ಟವರು ಕೆಲವು ವಾರದಲ್ಲಿ ಅರ್ಧ ಗಂಟೆ ನಡೆಯುವುದನ್ನು ನಾನು ಬಾಗಿಲ ಗಾಜಿನಿಂದ ನೋಡುತ್ತಿದ್ದೆ. ಒಳಗೆ ಇರಬಹುದಿತ್ತು.

ನಿನಗೆ ಏನಾದರೂ ಉಪಯೋಗಕ್ಕೆ ಬರುವುದು ಹೇಳಬೇಕು ಅಂತ ಕೂತೆ, ಇಷ್ಟು ಹೊತ್ತು ನನ್ನದೇ ಹೇಳಿದೆ. ನಿಮ್ಮ ಪ್ರೊಫೆಸರುಗಳಿಗೆ ನನಗಿಂತ ಜಾಸ್ತಿ ಗೊತ್ತು. ಆದರೂ ಒಂದೆರಡು ಬರೆಯುತ್ತೇನೆ, ಗೊತ್ತಿದ್ದರೆ ಬಿಟ್ಟುಬಿಡು.

ಅರ್ಧ ಕೆಲಸ ಬೆಲ್ಟ್ ಶುರುವಾಗುವ ಮುಂಚೆಯೇ ಆಗಬೇಕು. ಯಾವ ಮಾತ್ರೆ ತಗೊಳ್ಳುತ್ತಾರೆ, ಇವತ್ತು ತಗೊಂಡಿದ್ದಾರಾ, ಈಚೆಗೆ ಎದೆನೋವು ಬಂದಿತ್ತಾ, ತಲೆ ಸುತ್ತಿತ್ತಾ, ಇನ್ಸುಲಿನ್ ಇದ್ದರೆ ಊಟ ಯಾವಾಗ ಮಾಡಿದರು, ಇಷ್ಟನ್ನೂ ಕೂತು ಕೇಳು. ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ತಗೊಳ್ಳುವವರ ನಾಡಿ ನೀನು ಅಂದುಕೊಂಡಷ್ಟು ಏರುವುದಿಲ್ಲ. ಆರಾಮಾಗಿದ್ದಾರೆ ಅಂತ ಮೋಸ ಹೋಗಬೇಡ. ಅಲ್ಲಿ ಬೋರ್ಗ್ ಸ್ಕೇಲ್ ಕೆಲಸಕ್ಕೆ ಬರುತ್ತದೆ, 6ರಿಂದ 20ರ ತನಕ ಎಷ್ಟು ಕಷ್ಟವಾಗುತ್ತಿದೆ ಅಂತ ಅವರೇ ಹೇಳುವುದು. ಅವರು ಸಾಕು ಅಂದರೆ ಸಾಕು. ಇನ್ನೊಂದೇ ನಿಮಿಷ ಅಂತ ಒತ್ತಾಯ ಮಾಡಬಾರದು. ತೊಂದರೆ ಏನೂ ಇಲ್ಲದಿದ್ದರೆ ಓಡುವವರನ್ನು ಒಮ್ಮೆಲೇ ನಿಲ್ಲಿಸಬೇಡ, ನಿಧಾನ ನಡೆಸಿ ಇಳಿಸು. ಕಾಲಿನ ಸ್ನಾಯು ಹಿಂಡುವುದು ಥಟ್ಟನೆ ನಿಂತರೆ ರಕ್ತ ಕಾಲಿನಲ್ಲೇ ಉಳಿದು ತಲೆ ಸುತ್ತುತ್ತದೆ. ಟೆಸ್ಟ್ ಮುಗಿಯಿತು ಅಂತ ಎಲ್ಲರೂ ಉಸಿರು ಬಿಡುವ ಹೊತ್ತಿಗೇ ಬೀಳುವವರು ಇದ್ದಾರೆ.

ಇಸಿಜಿ ಓದುವುದನ್ನು ಪರೀಕ್ಷೆಗೆ ಅಂತ ಕಲಿಯಬೇಡ, ದಿನಾ ಒಂದಾದರೂ ನೋಡು. ಸಿಪಿಆರ್ ಬೊಂಬೆಯ ಮೇಲೆ ಕೈ ನೋಯುವ ತನಕ ಅಭ್ಯಾಸ ಮಾಡು. ನನ್ನ ಭಯ ಸ್ವಲ್ಪವಾದರೂ ಇಳಿದದ್ದು ಯಾರ ಸಮಾಧಾನದ ಮಾತಿನಿಂದಲೂ ಅಲ್ಲ, ಕೈಗೆ ಕೆಲಸ ಗೊತ್ತಾದಮೇಲೆ. ಪೂರ್ತಿ ಹೋಗಲಿಲ್ಲ. ಹೋಗದಿರುವುದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಪಕ್ಕದಲ್ಲಿ ನಿಂತವರಿಗೆ ಸ್ವಲ್ಪವೂ ಅಳುಕು ಇಲ್ಲದಿದ್ದರೆ ಅವರು ಮುಖ ನೋಡುವುದನ್ನು ಬಿಡುತ್ತಾರೆ.

ಕೆಲಸದ ಬಗ್ಗೆ ನಿಮ್ಮಪ್ಪನಿಗೆ ಚಿಂತೆ, ನನಗೆ ಅಷ್ಟಿಲ್ಲ. ಹೃದಯದ ರಿಹ್ಯಾಬ್, ಶ್ವಾಸಕೋಶದ ರಿಹ್ಯಾಬ್ ಇದ್ದೇ ಇವೆ. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೂ ಈಗ ವ್ಯಾಯಾಮ ಮಾಡಿಸುತ್ತಾರೆ. ದೊಡ್ಡ ಆಪರೇಷನ್‌ಗೆ ಮುಂಚೆ ಮೈ ತಡೆಯುತ್ತದಾ ಅಂತ ಸೈಕಲ್ ಮೇಲೆ ಕೂರಿಸಿ ಉಸಿರಿನ ಅನಿಲ ಅಳೆಯುತ್ತಾರೆ. ಅಗ್ನಿಶಾಮಕ ದಳ, ಸೈನ್ಯ, ಗಣಿ ಕೆಲಸದವರ ದೇಹದ ಶಕ್ತಿ ನೋಡುವವರು ಬೇಕು. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವವರು ದಿನಕ್ಕೆ ಸುಮಾರು ಎರಡು ಗಂಟೆ ವ್ಯಾಯಾಮ ಮಾಡುತ್ತಾರಲ್ಲ, ಅದನ್ನು ಲೆಕ್ಕ ಹಾಕಿ ಕೊಡುವವರೂ ಇದೇ ಓದು ಓದಿದವರು. ಒಂದು ವಿಷಯ ಮಾತ್ರ ಮೊದಲೇ ವಿಚಾರಿಸಿಕೋ. ಈ ಡಿಗ್ರಿಗೆ ಎಲ್ಲ ದೇಶದಲ್ಲೂ ಒಂದೇ ಬೆಲೆ ಇಲ್ಲ. ಆಸ್ಟ್ರೇಲಿಯಾದಲ್ಲಿ ಇದಕ್ಕೆ ಮಾನ್ಯತೆ ಪಡೆದ ವೃತ್ತಿಯ ಸ್ಥಾನ ಇದೆ, ಡಾಕ್ಟರು ರೋಗಿಗಳನ್ನು ನೇರ ಇವರ ಹತ್ತಿರ ಕಳಿಸುತ್ತಾರೆ. ಬೇರೆ ಕಡೆ ಹಾಗೇ ಇರುತ್ತದೆ ಅನ್ನುವ ಹಾಗಿಲ್ಲ. ಡಿಗ್ರಿ ಆದಮೇಲೆ ಇನ್ನೊಂದು ಪರೀಕ್ಷೆಯೋ, ಆಸ್ಪತ್ರೆಯಲ್ಲಿ ಇಷ್ಟು ಗಂಟೆ ಕೆಲಸ ಮಾಡಿದ ದಾಖಲೆಯೋ ಕೇಳಬಹುದು. ನಿನ್ನ ಸೀನಿಯರುಗಳನ್ನು ಕೇಳು, ಯಾರು ಎಲ್ಲಿ ಸೇರಿದರು ಅಂತ. ಅದು ಕಾಲೇಜಿನ ಪುಸ್ತಕದಲ್ಲಿ ಬರೆದಿರುವುದಿಲ್ಲ.

ಪ್ಲೇಸ್‌ಮೆಂಟ್ ಫಾರಂನಲ್ಲಿ ಇನ್ನೂ ಯಾವುದಕ್ಕೂ ಗುರುತು ಹಾಕಿಲ್ಲ ಅಂದಿದ್ದೀಯ. ಹಾಕುವ ಮುಂಚೆ ಒಂದು ಬೆಳಿಗ್ಗೆ ರಿಹ್ಯಾಬ್ ವಿಭಾಗಕ್ಕೆ ಹೋಗಿ ಕೂತು ಬಾ, ಅಷ್ಟು ಮಾಡು. ಹೊಸಬರನ್ನು ನೋಡಿ ಹೆದರಬೇಡ, ಬರಲು ಶುರು ಮಾಡಿ ಕೆಲವು ವಾರ ಆದವರ ಹತ್ತಿರ ಮಾತಾಡು. ಆಮೇಲೆ ಸ್ಪೋರ್ಟ್ಸ್‌ಗೇ ಗುರುತು ಹಾಕಿದರೂ ನಾನು ಒಂದು ಮಾತು ಆಡುವುದಿಲ್ಲ. ಯಾವುದಕ್ಕೆ ಹಾಕಿದೆ ಅಂತ ನನಗೆ ಮೊದಲು ಬರೆ, ನಿಮ್ಮಮ್ಮನಿಗೆ ಆಮೇಲೆ ಹೇಳಿದರಾಯಿತು.

ನಿನ್ನ
ದೊಡ್ಡಮ್ಮ