ಕಟ್ಟಡದ ನಿಯಮಗಳು ಕಟ್ಟಿಸುವವರ ಕೈಗೂ ಸಿಗಲಿ

ಮಾನ್ಯ ಸಂಪಾದಕರೆ,

ಹುಬ್ಬಳ್ಳಿ-ಧಾರವಾಡದಲ್ಲಿ ಇಂದು ಮೂವತ್ತು-ನಲವತ್ತರ ಪ್ಲಾಟಿನಲ್ಲಿ ಮನೆ ಕಟ್ಟಿಸುವವರು ಸಿಮೆಂಟು, ಕಬ್ಬಿಣ, ಉಸುಕಿನ ದರವನ್ನು ಕುಳಿತಲ್ಲೇ ಮೊಬೈಲಿನಲ್ಲಿ ತಿಳಿದುಕೊಳ್ಳುತ್ತಾರೆ. ಆದರೆ ಅದೇ ಪ್ಲಾಟಿನ ಸುತ್ತ ಎಷ್ಟು ಜಾಗ ಬಿಡಬೇಕು, ಎಷ್ಟು ಮಹಡಿ ಏರಿಸಬಹುದು, ಕಾಲಂ ಎಷ್ಟು ಅಗಲವಿರಬೇಕು ಎಂದು ಹೇಳುವ ಮೂಲ ನಿಯಮವನ್ನು ತಾವೇ ತೆರೆದು ಓದಿದವರು ಅಪರೂಪ. ಹೆಚ್ಚಿನವರು ಗೌಂಡಿಯ ಮಾತನ್ನು, ಇಲ್ಲವೆ ನಕ್ಷೆ ಮಾಡಿಕೊಟ್ಟ ಎಂಜಿನಿಯರರ ಮಾತನ್ನು ನಂಬಿ ಮುಂದುವರಿಯುತ್ತಾರೆ. ನಂಬುವುದರಲ್ಲಿ ತಪ್ಪಿಲ್ಲ. ಒಮ್ಮೆ ಖಾತ್ರಿ ಮಾಡಿಕೊಳ್ಳೋಣ ಎಂದು ಅಂತರ್ಜಾಲದಲ್ಲಿ ಹುಡುಕುವವರಿಗೂ ಆ ನಿಯಮ ನೆಟ್ಟಗೆ ಸಿಗುವುದಿಲ್ಲ ಎಂಬುದೇ ನನ್ನ ತಕರಾರು.

ಸಿಗದಿರಲು ಮೊದಲ ಕಾರಣ, ನಿಯಮಗಳು ಒಂದೇ ಮನೆಯಲ್ಲಿ ಇಲ್ಲದಿರುವುದು. ಯಾವ ಪ್ರದೇಶದಲ್ಲಿ ವಾಸದ ಮನೆ, ಎಲ್ಲಿ ಅಂಗಡಿ ಎಂಬುದನ್ನು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಅಡಿಯಲ್ಲಿ ತಯಾರಾಗುವ ಮಹಾಯೋಜನೆ ಮತ್ತು ಅದರ ವಲಯ ನಿಯಮಾವಳಿ ಹೇಳುತ್ತವೆ. ಇದು ನಗರಾಭಿವೃದ್ಧಿ ಪ್ರಾಧಿಕಾರದ, ಜನರ ಬಾಯಲ್ಲಿ ಹುಡಾದ, ಪಾಲಿನ ಕೆಲಸ. ಕಟ್ಟಡ ಪರವಾನಿಗೆ ಕೊಡುವುದು 1976ರ ಪೌರ ನಿಗಮಗಳ ಕಾಯ್ದೆಯ ಪ್ರಕಾರ ಮಹಾನಗರ ಪಾಲಿಕೆ. ಅದಕ್ಕೆ ಕಟ್ಟಡ ಬೈಲಾ, ಅಂದರೆ ಸ್ಥಳೀಯ ಉಪನಿಯಮ, ಬೇರೆ. ಪಕ್ಕದ ಗದಗ-ಬೆಟಗೇರಿ ಮತ್ತು ಹಾವೇರಿಗೆ ಹೋದರೆ ಅಲ್ಲಿ ನಗರಸಭೆ, ಅಲ್ಲಿ ನಡೆಯುವುದು 1964ರ ಪೌರಸಭೆಗಳ ಕಾಯ್ದೆ. ಇನ್ನು ಕಟ್ಟಡ ಗಟ್ಟಿಯಾಗಿ ನಿಲ್ಲುವ ವಿಷಯ ಬಂದಾಗ ಬೈಲಾಗಳು ತಾವಾಗಿ ಹೆಚ್ಚೇನೂ ಹೇಳದೆ, ರಾಷ್ಟ್ರೀಯ ಕಟ್ಟಡ ಸಂಹಿತೆ ಮತ್ತು ಭಾರತೀಯ ಮಾನಕಗಳಿಗೆ (ಐಎಸ್ ಸಂಖ್ಯೆಯ ಗುಣಮಟ್ಟದ ನಿಯಮಗಳಿಗೆ) ಅನುಗುಣವಾಗಿರಬೇಕು ಎಂಬ ಮಾತಿನಲ್ಲಿ ಮುಗಿಸುತ್ತವೆ. ಆ ಸಂಹಿತೆ ಮೊದಲು ಪ್ರಕಟವಾದದ್ದು 1970ರಲ್ಲಿ. 2016ರ ಪರಿಷ್ಕರಣೆ ಎರಡು ದಪ್ಪ ಸಂಪುಟಗಳಲ್ಲಿದೆ. ಅದು ಸ್ವತಃ ಶಿಫಾರಸು ಮಾತ್ರ. ರಾಜ್ಯವೋ ಸ್ಥಳೀಯ ಸಂಸ್ಥೆಯೋ ತನ್ನ ನಿಯಮದಲ್ಲಿ ಸೇರಿಸಿಕೊಂಡಾಗಲೇ ಅದಕ್ಕೆ ಕಾನೂನಿನ ಬಲ. ಹೀಗಾಗಿ ಅದರ ಯಾವ ಭಾಗ ನಮ್ಮೂರಿಗೆ ಕಡ್ಡಾಯ ಎಂದು ತಿಳಿಯಲು ಸಂಹಿತೆ ಒಂದನ್ನೇ ಓದಿದರೆ ಸಾಲದು, ಬೈಲಾವನ್ನೂ ಜೊತೆಗಿಟ್ಟುಕೊಂಡು ಓದಬೇಕು.

ಎರಡನೆಯ ಕಾರಣ ಇನ್ನೂ ಬೇಸರ ತರಿಸುವಂಥದ್ದು. ಕಾಯ್ದೆಗಳ ಮಟ್ಟಿಗೆ ರಾಜ್ಯದ ಸಂಸದೀಯ ವ್ಯವಹಾರಗಳ ಇಲಾಖೆಯ ಜಾಲತಾಣ ನಿಜಕ್ಕೂ ಉಪಕಾರಿ. ಅಲ್ಲಿ ಕಾಯ್ದೆಯ ಪಠ್ಯ ಸಿಗುತ್ತದೆ. ಬೈಲಾ, ವಲಯ ನಿಯಮಾವಳಿ, ಸುತ್ತೋಲೆಗಳ ಹಂತಕ್ಕೆ ಇಳಿದಾಗ ಕಥೆ ಬದಲಾಗುತ್ತದೆ. ರಾಜ್ಯಪತ್ರದಲ್ಲಿ ಬರುವ ತಿದ್ದುಪಡಿಯು "ಇಂಥ ನಿಯಮದ ಇಂಥ ಪದಗಳಿಗೆ ಬದಲಾಗಿ ಈ ಪದಗಳನ್ನು ಪ್ರತಿಷ್ಠಾಪಿಸತಕ್ಕದ್ದು" ಎಂಬ ರೀತಿಯಲ್ಲಿರುತ್ತದೆ. ಮೂಲ ನಿಯಮ ಒಂದು ಕಡತದಲ್ಲಿ, ತಿದ್ದುಪಡಿ ಮತ್ತೊಂದರಲ್ಲಿ, ಆ ತಿದ್ದುಪಡಿಯ ತಿದ್ದುಪಡಿ ಮೂರನೆಯದರಲ್ಲಿ. ಎಲ್ಲವನ್ನೂ ಜೋಡಿಸಿ ಇವತ್ತು ಜಾರಿಯಲ್ಲಿರುವ ಸಾಲು ಯಾವುದು ಎಂದು ಕಂಡುಹಿಡಿಯುವುದು ವಕೀಲರಿಗೂ ಸುಲಭವಲ್ಲ. ಅನೇಕ ಕಡತಗಳು ಕಾಗದವನ್ನು ಸ್ಕ್ಯಾನ್ ಮಾಡಿ ಏರಿಸಿದ ಚಿತ್ರಗಳು. ಒಂದು ಪುಟ ಅಡ್ಡ, ಇನ್ನೊಂದರ ಅಂಚು ಕತ್ತರಿಸಿಹೋಗಿರುತ್ತದೆ. ಎಲ್ಲ ಗಣಕಗಳೂ ಗುರುತಿಸುವ ಯುನಿಕೋಡ್ ಅಲ್ಲದ, ಹಳೆಯ 'ನುಡಿ' ತಂತ್ರಾಂಶದ ಅಕ್ಷರಗಳಲ್ಲಿ ಮಾಡಿದ ಕಡತವಾದರೆ, ಪರದೆಯ ಮೇಲೆ ಅಚ್ಚುಕಟ್ಟಾದ ಕನ್ನಡ ಕಾಣುತ್ತದೆ, ಹುಡುಕುವ ಪೆಟ್ಟಿಗೆಯಲ್ಲಿ "ಸೆಟ್‌ಬ್ಯಾಕ್" (ಕಟ್ಟಡದ ಸುತ್ತ ಬಿಡುವ ಜಾಗ) ಎಂದು ಬರೆದರೆ ಒಂದೂ ಸಿಗುವುದಿಲ್ಲ. ಸಾಲೊಂದನ್ನು ನಕಲು ಮಾಡಿ ಬೇರೆಡೆ ಇಟ್ಟರೆ ಲ್ಯಾಟಿನ್ ಅಕ್ಷರ, ಚಿಹ್ನೆಗಳ ರಾಶಿ ಬೀಳುತ್ತದೆ. ಇಂಥ ಕಡತವನ್ನು ಜಾಲತಾಣಕ್ಕೆ ಏರಿಸಿ "ಪ್ರಕಟಿಸಲಾಗಿದೆ" ಎಂದರೆ ಕಾಗದದ ಮೇಲೆ ಸರಿ, ಓದುಗನಿಗೆ ದಕ್ಕಿದ್ದೇನೂ ಇಲ್ಲ.

ಭಾರತೀಯ ಮಾನಕಗಳ ವಿಷಯದಲ್ಲಿ ಪರಿಸ್ಥಿತಿ ಸುಧಾರಿಸಿದೆ ಎಂಬುದನ್ನು ಒಪ್ಪಲೇಬೇಕು. ಹಿಂದೆ ಇವನ್ನು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಕಾನೂನಿನಂತೆ ನಡೆಯಬೇಕಾದ ಮಾನಕಗಳನ್ನು ಓದಲು ನಾಗರಿಕ ಬೆಲೆ ತೆರಬೇಕೇ ಎಂದು ಪ್ರಶ್ನಿಸಿ ಸಾರ್ವಜನಿಕ ದಾಖಲೆಗಳು ಎಲ್ಲರಿಗೂ ಮುಕ್ತವಾಗಿ ಸಿಗಲೆಂದು ಹೋರಾಡುವ ಅಮೆರಿಕದ ಕಾರ್ಲ್ ಮಲಮುಡ್ ಮತ್ತಿತರರು 2015ರಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಿದ್ದರು. ಈಗ ಭಾರತೀಯ ಮಾನಕ ಬ್ಯೂರೋದ ಜಾಲತಾಣದಲ್ಲಿ ಹೆಸರು ನೋಂದಾಯಿಸಿಕೊಂಡರೆ ಬಹುಪಾಲು ಮಾನಕಗಳನ್ನು ಶುಲ್ಕವಿಲ್ಲದೆ ಇಳಿಸಿಕೊಳ್ಳಬಹುದು. ಆದರೆ ಹುಡುಕಲು ಮಾನಕದ ಸಂಖ್ಯೆ ಗೊತ್ತಿರಬೇಕು. ಕಾಂಕ್ರೀಟಿಗೆ ಐಎಸ್ 456, ಭೂಕಂಪಕ್ಕೆ ಐಎಸ್ 1893, ಭೂಕಂಪ ತಾಳುವಂತೆ ಕಬ್ಬಿಣ ಕಟ್ಟುವ ಕ್ರಮಕ್ಕೆ ಐಎಸ್ 13920, ನಮ್ಮ ಎರೆಮಣ್ಣಿನಂಥ ನೆಲದಲ್ಲಿ ಹಾಕುವ ತಳ ಅಗಲಿಸಿದ ಪೈಲ್ ಅಡಿಪಾಯಕ್ಕೆ ಐಎಸ್ 2911ರ ಮೂರನೆಯ ಭಾಗ ಎಂದು ಮನೆಯ ಯಜಮಾನನಿಗೆ ಹೇಳುವವರು ಯಾರು?

ಹೇಳಿದರೆ ಏನು ಪ್ರಯೋಜನ ಎಂಬುದಕ್ಕೆ ಒಂದು ಉದಾಹರಣೆ ಸಾಕು. ಐಎಸ್ 1893ರ 2016ರ ಆವೃತ್ತಿಯ ಪಟ್ಟಿಯಲ್ಲಿ ಧಾರವಾಡ ಮೂರನೆಯ ಭೂಕಂಪ ವಲಯದಲ್ಲಿದೆ. ಅದೇ ವರ್ಷದ ಐಎಸ್ 13920 ಮೂರನೆಯ ವಲಯ ಮತ್ತು ಅದಕ್ಕಿಂತ ಮೇಲಿನ ವಲಯಗಳ ಆರ್‌ಸಿಸಿ ಕಟ್ಟಡಗಳಿಗೆ ಅನ್ವಯಿಸುತ್ತದೆ. ಅದರ ಪ್ರಕಾರ ಕಾಲಂನ ಕಿರಿದಾದ ಬದಿಯೂ 300 ಮಿಲಿಮೀಟರಿಗೆ, ಅಂದರೆ ಸುಮಾರು ಹನ್ನೆರಡು ಇಂಚಿಗೆ, ಕಡಿಮೆ ಇರಬಾರದು. ನಮ್ಮ ಬಡಾವಣೆಗಳಲ್ಲಿ ಗೋಡೆಯಿಂದ ಹೊರಗೆ ಚಾಚದಿರಲಿ ಎಂದು ಒಂಬತ್ತು ಇಂಚಿನ ಕಾಲಂ ಎಬ್ಬಿಸುವುದು ರೂಢಿ. ಅದೇ ಮಾನಕ, ಕಾಲಂನ ಉದ್ದ ಕಂಬಿಗಳನ್ನು ಸುತ್ತುವರಿದು ಹಿಡಿಯುವ ರಿಂಗಿನ ತುದಿಯನ್ನು 135 ಡಿಗ್ರಿಗೆ ಒಳಕ್ಕೆ ಬಗ್ಗಿಸಿ ಕೊಕ್ಕೆ ಮಾಡಬೇಕೆನ್ನುತ್ತದೆ. ಕಬ್ಬಿಣ ಕಟ್ಟುವವರು ಕೆಲಸ ಬೇಗ ಸಾಗಲೆಂದು ಕಾಟಕೋನಕ್ಕೆ, ಅಂದರೆ 90 ಡಿಗ್ರಿಗೆ, ಬಗ್ಗಿಸಿ ಬಿಟ್ಟುಬಿಡುತ್ತಾರೆ. ಕಟ್ಟಡ ಅಲುಗಾಡಿ ಮೇಲ್ಪದರದ ಕಾಂಕ್ರೀಟು ಉದುರಿದರೆ ಅಂಥ ರಿಂಗು ಬಿಚ್ಚಿಕೊಳ್ಳುತ್ತದೆ, ಉದ್ದ ಕಂಬಿಗಳು ಹೊರಕ್ಕೆ ಬಾಗುತ್ತವೆ. ಕಾಂಕ್ರೀಟು ಸುರಿಯುವ ಮುನ್ನ ಯಾರು ಬೇಕಾದರೂ ಬಗ್ಗಿ ನೋಡಿ ಗುರುತಿಸಬಹುದಾದ ಸಂಗತಿ ಇದು. ನೋಡಬೇಕಾದದ್ದು ಏನೆಂದು ಗೊತ್ತಿರಬೇಕಷ್ಟೆ. ಪಾಲಿಟೆಕ್ನಿಕ್ಕಿನಲ್ಲಿ ಇದನ್ನೇ ಪಾಠ ಮಾಡಿದವನಾದ್ದರಿಂದ ಇಷ್ಟು ಬೆಳೆಸಿದೆ, ಓದುಗರು ಮನ್ನಿಸಬೇಕು.

2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ಬಹುಮಹಡಿ ಕಟ್ಟಡ ಕುಸಿದು 19 ಮಂದಿ ಸತ್ತರು. ನಿಯಮ ಅಂತರ್ಜಾಲದಲ್ಲಿ ಇದ್ದಿದ್ದರೆ ಆ ಕಟ್ಟಡ ಉಳಿಯುತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆದರೆ ಆ ಬಳಿಕವೂ ಅಂಗಡಿ ಬಾಡಿಗೆ ಹಿಡಿಯುವವರಾಗಲಿ, ಪಕ್ಕದ ಮನೆಯವರಾಗಲಿ ಎದುರಿನ ಕಟ್ಟಡ ನಿಯಮದಂತೆ ಇದೆಯೇ ಎಂದು ಕೇಳಬೇಕಾದರೆ ಅವರ ಕೈಯಲ್ಲಿ ಹಿಡಿದು ತೋರಿಸಲು ಏನಿದೆ?

ಈಗಂತೂ ಇದು ಹಣದ ಪ್ರಶ್ನೆಯೂ ಆಗಿದೆ. ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರ ತೀರ್ಪಿನಲ್ಲಿ, ಮಂಜೂರಾದ ನಕ್ಷೆಯನ್ನು ಕಟ್ಟಡದ ಸ್ಥಳದಲ್ಲೇ ಪ್ರದರ್ಶಿಸಬೇಕೆಂದೂ ಪೂರ್ಣತಾ ಅಥವಾ ಸ್ವಾಧೀನ ಪ್ರಮಾಣಪತ್ರ ತೋರಿಸಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದೂ ನಿರ್ದೇಶಿಸಿತು. ಸಣ್ಣ ನಿವೇಶನಗಳ ಮನೆಗಳಿಗೆ ಸರ್ಕಾರ ಆಮೇಲೆ ವಿನಾಯಿತಿ ನೀಡಿದರೂ, ಆ ವಿನಾಯಿತಿಯ ಮಿತಿ ತಿಳಿಯಲು ಮತ್ತೊಂದು ಆದೇಶವನ್ನು ಹುಡುಕಬೇಕು. ಮನೆ ಎದ್ದ ಮೇಲೆ ಮೀಟರಿಗೆ ಅರ್ಜಿ ಹಾಕಿದಾಗ "ಮನೆಯ ಹಿಂದೆ ಬಿಟ್ಟ ಜಾಗ ಕಡಿಮೆಯಾಗಿದೆ" ಎಂಬ ಉತ್ತರ ಬಂದರೆ ಗೋಡೆ ಹಿಂದಕ್ಕೆ ಸರಿಯುವುದಿಲ್ಲ. ಪಾಯಾ ತೋಡುವ ಮೊದಲೇ ಗೊತ್ತಾಗಬೇಕಾದ ಮಾತು ಅದು.

ನಿಯಮಗಳನ್ನು ತೆರೆದಿಡಿ ಎಂದು ಕೇಳುವುದು ಯಾರ ದಯೆಯನ್ನು ಬೇಡಿದಂತೆಯೂ ಅಲ್ಲ. ಮಾಹಿತಿ ಹಕ್ಕು ಕಾಯ್ದೆ 2005ರ 4(1)(ಬಿ) ಪ್ರಕರಣವು ಸಾರ್ವಜನಿಕ ಪ್ರಾಧಿಕಾರದ ನೌಕರರು ತಮ್ಮ ಕೆಲಸಕ್ಕೆ ಬಳಸುವ ನಿಯಮ, ಸೂಚನೆ, ಕೈಪಿಡಿಗಳನ್ನು ಯಾರೂ ಕೇಳದೆಯೇ ಪ್ರಕಟಿಸಬೇಕು ಎನ್ನುತ್ತದೆ. 4(4)ನೆಯ ಉಪಪ್ರಕರಣ ಸ್ಥಳೀಯ ಭಾಷೆಯನ್ನು ಗಮನದಲ್ಲಿಟ್ಟು ಪ್ರಸಾರ ಮಾಡಬೇಕೆಂದು ಸೇರಿಸುತ್ತದೆ. ನಕ್ಷೆಗೆ ಆಕ್ಷೇಪ ಬರೆಯುವ ಅಧಿಕಾರಿಯ ಮೇಜಿನ ಮೇಲಿರುವ ಪ್ರತಿಯೇ ಅರ್ಜಿದಾರನಿಗೂ ಕಾಣಬೇಕು.

ಆದ್ದರಿಂದ ಪಾಲಿಕೆ ಮತ್ತು ಪ್ರಾಧಿಕಾರ ಕೂಡಿ, ಎಲ್ಲ ತಿದ್ದುಪಡಿಗಳನ್ನು ಒಳಗೊಂಡ ಒಂದೇ ಪಠ್ಯವನ್ನು ಯುನಿಕೋಡ್ ಕನ್ನಡದಲ್ಲಿ, "ಇಂಥ ದಿನಾಂಕದವರೆಗಿನ ತಿದ್ದುಪಡಿ ಸೇರಿದೆ" ಎಂಬ ಸಾಲಿನೊಂದಿಗೆ ಪ್ರಕಟಿಸಲಿ. ಹಳೆಯ ಆವೃತ್ತಿಗಳನ್ನು ಅಳಿಸದೆ ಪಕ್ಕಕ್ಕೆ ಇಡಲಿ, ಏಕೆಂದರೆ ಹತ್ತು ವರ್ಷದ ಹಿಂದೆ ಪರವಾನಿಗೆ ಪಡೆದ ಮನೆಯನ್ನು ಅಂದಿನ ನಿಯಮದಿಂದಲೇ ಅಳೆಯಬೇಕಾಗುತ್ತದೆ. ಸಾಮಾನ್ಯ ಅಳತೆಯ ಪ್ಲಾಟಿಗೆ ಯಾವ ಬದಿ ಎಷ್ಟು ಬಿಡಬೇಕೆಂಬ ಚಿತ್ರವೂ, ಅನ್ವಯವಾಗುವ ಮಾನಕಗಳ ಸಂಖ್ಯೆಯೂ ಅದರ ಜೊತೆಗಿರಲಿ. ಮೊಬೈಲ್ ಬಳಸದ ಹಿರಿಯರಿಗಾಗಿ ಪ್ರತಿ ವಲಯ ಕಚೇರಿಯಲ್ಲಿ ಒಂದು ಮುದ್ರಿತ ಪ್ರತಿ ಇದ್ದರೆ ಸಾಕು. ಎಂಜಿನಿಯರಿಂಗ್ ಕಾಲೇಜುಗಳಿಗೆ ಈ ಊರಿನಲ್ಲಿ ಕೊರತೆಯಿಲ್ಲ. ಪಠ್ಯವನ್ನು ಜೋಡಿಸಿ ತಿದ್ದಲು ಅಲ್ಲಿನ ಅಧ್ಯಾಪಕರ ನೆರವು ಕೇಳಬಹುದು, ನನ್ನಂಥ ನಿವೃತ್ತರೂ ಬರುತ್ತೇವೆ. ಪಾಲಿಕೆಯ ನಗರ ಯೋಜನಾ ಸ್ಥಾಯಿ ಸಮಿತಿಯ ಸದಸ್ಯರು ಇದನ್ನು ಮುಂದಿನ ಸಭೆಯ ವಿಷಯಪಟ್ಟಿಗೆ ಸೇರಿಸಿ, ಪಠ್ಯ ಸಿದ್ಧಪಡಿಸುವ ಹೊಣೆ ಯಾವ ಅಧಿಕಾರಿಯದು, ಯಾವ ದಿನಾಂಕದೊಳಗೆ ಎಂಬುದನ್ನು ನಿರ್ಣಯದಲ್ಲಿಯೇ ಬರೆಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ಓರ್ವ ನಿವೃತ್ತ ಪಾಲಿಟೆಕ್ನಿಕ್ ಉಪನ್ಯಾಸಕ
ನವನಗರ, ಹುಬ್ಬಳ್ಳಿ